ಮಾರ್ಸ್‌ನ ಮಗ ರೋಮ್ಯುಲಸ್

ರೋಮಿನ ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿ ವಿಜಯೋತ್ಸವ ಮೆರವಣಿಗೆಗಳ ಅಮೃತಶಿಲೆಯ ಪಟ್ಟಿ ಇದೆ, ಫಾಸ್ಟಿ ಟ್ರಯಂಫಾಲಿಸ್. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಕೆತ್ತಿದ್ದು, 16ನೇ ಶತಮಾನದಲ್ಲಿ ಪ್ರಾಚೀನ ರೋಮಿನ ಸಾರ್ವಜನಿಕ ಚೌಕವಾದ ಫೋರಂನಲ್ಲಿ ಚೂರುಚೂರಾಗಿ ಸಿಕ್ಕಿತು.

ಒಂದೊಂದು ನಮೂದಿಗೂ ಒಂದೇ ಅಚ್ಚು: ಸೇನಾನಿಯ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಹುದ್ದೆ, ಯಾರ ಮೇಲೆ ಗೆಲುವು, ದಿನ, ನಗರ ಸ್ಥಾಪನೆಯಾಗಿ ಎಷ್ಟನೇ ವರ್ಷ. ರಥವಿಲ್ಲದ ಕಿರು ಮೆರವಣಿಗೆಯಾದರೆ 'ಓವನ್ಸ್' ಅಂತ ಬೇರೆ ಗುರುತು. ವರ್ಷ ಲೆಕ್ಕ ಹಾಕುವಾಗ ಜೋಪಾನ. ಇಲ್ಲಿನ ಎಣಿಕೆ ರೋಮನ್ ವಿದ್ವಾಂಸ ವಾರ್ರೋನ ಎಣಿಕೆಗಿಂತ ಒಂದು ಕಡಿಮೆ. ಕ್ರಿ.ಪೂ. 19 ವಾರ್ರೋಗೆ 735, ಈ ಕಲ್ಲಿಗೆ 734. ಇದನ್ನು ಮರೆತರೆ ಎಲ್ಲ ತಾರೀಖೂ ಒಂದು ವರ್ಷ ಜಾರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮೊದಲ ಸಾಲು. ಪುರಾಣದ ಪ್ರಕಾರ ರೋಮ್ ಕಟ್ಟಿದವನ ಹೆಸರು ಅಲ್ಲಿದೆ: ರೋಮ್ಯುಲಸ್, ದೊರೆ, ಮಾರ್ಚ್ 1. ಅಪ್ಪನ ಹೆಸರಿನ ಜಾಗದಲ್ಲಿ ಯುದ್ಧದೇವತೆ ಮಾರ್ಸ್! ದೇವರನ್ನೂ ದಫ್ತರದ ಅದೇ ಅಚ್ಚಿಗೆ ಹೊಂದಿಸಿದ್ದಾರೆ. ಪುರಾಣಕ್ಕೂ ತಾರೀಖು ಬೇಕೆನ್ನುವ ಆಸೆ ಎಷ್ಟು ಹಳೆಯದು! ಆರಂಭದ ಸಾಲುಗಳನ್ನು ಸಮಕಾಲೀನ ದಾಖಲೆಯೆಂದು ನಂಬಬಾರದು, ಅವು ನಂತರದವರು ಕೂಡಿಸಿದ್ದು.

ಕೊನೆಯ ಹೆಸರು ಆಫ್ರಿಕಾದಲ್ಲಿ ಗೆದ್ದ ಬಾಲ್ಬಸ್, ಕ್ರಿ.ಪೂ. 19. ಆಮೇಲೆ ಈ ಮೆರವಣಿಗೆ ಚಕ್ರವರ್ತಿಯ ಮನೆತನಕ್ಕೇ ಮೀಸಲಾಯಿತು.