ಸ್ಟಾರ್ ಏರಿತು, ಆಮೇಲೆ?

ಬೆಳಿಗ್ಗೆ ಕರೆದ ಕೂಡಲೇ ಎದ್ದರೆ ಒಂದು ಸ್ಟಾರ್. ಉಂಡ ಬಟ್ಟಲು ತೊಳೆದರೆ ಒಂದು. ಇಡೀ ದಿನ ಬೈಗುಳ ಬಾಯಿಗೆ ಬಾರದಿದ್ದರೆ ಎರಡು. ಸ್ಟಾರ್ ಒಟ್ಟು ಮಾಡಿದವನಿಗೆ ಕೇರಂ ಆಡಲು ಹೆಚ್ಚು ಹೊತ್ತು, ಟಿವಿಯಲ್ಲಿ ಮ್ಯಾಚು, ಭಾನುವಾರ ಸಂಜೆ ಇನ್ನೆರಡು ಗೋಳಿಬಜೆ. ಮಂಗಳೂರಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವ ನನ್ನ ತಂಗಿಯ ಮಗಳು, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ, ಅಂದರೆ ಅಪರಾಧದ ಆರೋಪ ಹೊತ್ತ, ಮಕ್ಕಳಿರುವ ಒಂದು ವೀಕ್ಷಣಾಲಯದ ಈ ಚಾರ್ಟಿನ ಮೇಲೆಯೇ ಪ್ರಾಜೆಕ್ಟ್ ಬರೆದಿದ್ದಾಳೆ. “ಲೆಕ್ಕ ಸರಿ ಉಂಟಾ ಅಂತ ಒಮ್ಮೆ ನೋಡಿ ದೊಡ್ಡಮ್ಮ” ಎಂದು ಬಿಜೈಯ ನಮ್ಮನೆಗೆ ತಂದಿಟ್ಟು ಹೋದಳು. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದವಳಿಗೆ ನೆಂಟರಿಂದ ಬರುವ ಉಡುಗೊರೆ ಇಂಥದ್ದೇ.

ಲೆಕ್ಕ ಸರಿಯಾಗಿಯೇ ಇತ್ತು. ವಾರದಿಂದ ವಾರಕ್ಕೆ ಸರಾಸರಿ ಸ್ಟಾರ್ ಏರಿದೆ, ಆದ್ದರಿಂದ ಕಾರ್ಯಕ್ರಮ ಯಶಸ್ವಿ ಅಂತ ಕೊನೆಯ ಪುಟ. ನನ್ನ ತಕರಾರು ಆ “ಆದ್ದರಿಂದ”ದ ಮೇಲೆ.

ವೀಕ್ಷಣಾಲಯದಲ್ಲಿ ಇರುವುದು ವಿಚಾರಣೆ ಮುಗಿಯುವ ತನಕ. ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟರೆ ಇವತ್ತು ಇದ್ದ ಹುಡುಗ ನಾಳೆ ಇಲ್ಲ. ಮೊದಲ ವಾರದ ಸರಾಸರಿಯಲ್ಲಿ ಇದ್ದವರು ಯಾರೋ, ಕೊನೆಯ ವಾರದಲ್ಲಿ ಉಳಿದವರು ಯಾರೋ. ಅದರ ಮೇಲೆ, ಸ್ಟಾರ್ ಹಾಕುವವರೂ ಮಕ್ಕಳು ಸುಧಾರಿಸಿದ್ದಾರೆ ಎಂದು ಹೇಳಬೇಕಾದವರೂ ಒಂದೇ ಸಿಬ್ಬಂದಿ. ನೈಟ್ ಡ್ಯೂಟಿಯವರು ಉದಾರಿಗಳಾದರೂ ಗ್ರಾಫ್ ಏರುತ್ತದೆ. ಚಾರ್ಟ್ ಶುರುವಾಗುವ ಮೊದಲು ಎಷ್ಟು ಮಂದಿ ಕರೆದಾಗ ಏಳುತ್ತಿದ್ದರು? ಯಾರೂ ಬರೆದಿಟ್ಟಿಲ್ಲ.

ಹಾಗಂತ ಬಹುಮಾನಕ್ಕೆ ನಡತೆ ಬದಲಾಗುವುದೇ ಇಲ್ಲ ಅನ್ನುವವಳು ನಾನಲ್ಲ. ಬದಲಾಗುತ್ತದೆ, ಅದಕ್ಕೆ ಗಟ್ಟಿ ಪುರಾವೆ ಇದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಲ್ಲಿ 1967ರಲ್ಲಿ ‘ಅಚೀವ್‌ಮೆಂಟ್ ಪ್ಲೇಸ್’ ಶುರುವಾಯಿತು. ಒಂದು ಸಾಧಾರಣ ಮನೆ, ನೋಡಿಕೊಳ್ಳಲು ಗಂಡಹೆಂಡತಿ, ಕೋರ್ಟಿನ ಮೂಲಕ ಬಂದ ಬೆರಳೆಣಿಕೆಯ ಹುಡುಗರು. ಬಚ್ಚಲು ತೊಳೆದರೆ, ಹೇಳಿದ ಹೊತ್ತಿಗೆ ಮನೆಗೆ ಬಂದರೆ ಪಾಯಿಂಟ್, ತಪ್ಪಿದರೆ ಕಡಿತ. ಅಲ್ಲಿನ ಸಂಶೋಧಕ ಎಲೆರಿ ಫಿಲಿಪ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನನಗೆ ಇಷ್ಟವಾದದ್ದು ಅದರ ಶಿಸ್ತು. ಪಾಯಿಂಟ್ ಇಲ್ಲದೆ ಎಣಿಸಿದರು, ಪಾಯಿಂಟ್ ಇಟ್ಟು ಎಣಿಸಿದರು, ತೆಗೆದು ಮತ್ತೆ ಎಣಿಸಿದರು. ತೆಗೆದಾಗ ಹಳೆಯ ಚಾಳಿ ತಲೆ ಎತ್ತಿತು, ಇಟ್ಟಾಗ ತಗ್ಗಿತು. ಕೆಲಸ ಮಾಡಿದ್ದು ಪಾಯಿಂಟೇ ಅನ್ನಲು ಇನ್ನೇನು ಬೇಕು? ಆದರೆ ಅದೇ ಪುರಾವೆ ಇನ್ನೊಂದನ್ನೂ ಹೇಳುತ್ತದಲ್ಲ: ತೆಗೆದರೆ ಹೋಯಿತು. ಅದು ಅವರಿಗೂ ಗೊತ್ತಿತ್ತು; ಅದಕ್ಕೇ ಮನೆಗೆ ಕಳಿಸುವ ಮುಂಚೆ ಪಾಯಿಂಟಿಲ್ಲದೆ ಇರುವ ಒಂದು ಹಂತವನ್ನೂ ಇಟ್ಟಿದ್ದರು. ಆ ಮಾದರಿಯ ಮನೆಗಳನ್ನು ಬೇರೆ ಮನೆಗಳ ಜೊತೆ ಹೋಲಿಸಿದ ಮೌಲ್ಯಮಾಪನ 1982ರಲ್ಲಿ ಬಂತು. ಒಳಗಿರುವಷ್ಟು ದಿನ ಅಪರಾಧ ಕಡಿಮೆ. ಹೊರಗೆ ಬಂದ ಮೇಲಿನ ವರ್ಷದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ತಮಾಷೆ. ಕಾರ್ಲ್ ಜೆಸ್‌ನೆಸ್ ಎಂಬ ಸಂಶೋಧಕರು ಅಪರಾಧದಲ್ಲಿ ಸಿಕ್ಕಿದ ಹುಡುಗರನ್ನು ಚೀಟಿ ಎತ್ತಿದ ಹಾಗೆ ಎರಡು ಸಂಸ್ಥೆಗಳಿಗೆ ಹಂಚಿದರು. ಒಂದರಲ್ಲಿ ಪಾಯಿಂಟ್ ಪದ್ಧತಿ, ಇನ್ನೊಂದರಲ್ಲಿ ಗುಂಪಿನಲ್ಲಿ ಕೂತು ಮಾತುಕತೆಯ ಚಿಕಿತ್ಸೆ. ಬಿಡುಗಡೆಯ ನಂತರ ಎರಡೂ ಹೆಚ್ಚುಕಡಿಮೆ ಸಮ, ಎರಡೂ ಅದೇ ಸಂಸ್ಥೆಗಳ ಹಿಂದಿನ ಫಲಿತಾಂಶಕ್ಕಿಂತ ಮೇಲು. ಹಾಗಾದರೆ ಪಾಯಿಂಟೊಂದೇ ಔಷಧಿ ಅಲ್ಲ; ದೊಡ್ಡವರು ನಿತ್ಯ ಒಂದು ಗೊತ್ತಾದ ರೀತಿಯಲ್ಲಿ ಹುಡುಗನ ಮೇಲೆ ಗಮನ ಇಟ್ಟದ್ದೂ ಇರಬಹುದು ಅನ್ನುವುದು ನನ್ನ ಊಹೆ.

ಚಾರ್ಟಿನಲ್ಲಿ ಒಂದು ಸಾಲು ಮಾತ್ರ ನನಗೆ ಸಹಿಸಲಾಗಲಿಲ್ಲ. ಹತ್ತು ಸ್ಟಾರ್‌ಗೆ ಮನೆಗೊಂದು ಫೋನ್. ಅಮ್ಮನ ದನಿ ಹುಡುಗನ ಹಕ್ಕು, ಮಾರಾಯ್ತಿ, ಅದನ್ನು ಮಾರಲಿಕ್ಕೆ ಇಡುವುದಾ? ಅಲಬಾಮಾದ ಮಾನಸಿಕ ಆಸ್ಪತ್ರೆಗಳ ವ್ಯಾಟ್ ಪ್ರಕರಣದಲ್ಲಿ 1972ರಲ್ಲೇ ಕೋರ್ಟು ಹಾಸಿಗೆ, ಊಟ, ಭೇಟಿ, ಫೋನ್ ಎಲ್ಲ ರೋಗಿಗಳ ಹಕ್ಕು ಎಂದು ಪಟ್ಟಿ ಮಾಡಿಕೊಟ್ಟಿತು. ಗೋಳಿಬಜೆ ಬಹುಮಾನವಾಗಲಿ, ಅಡ್ಡಿ ಇಲ್ಲ.

“ಹಾಗಾದ್ರೆ ಹೊರಗೆ ಹೋದ ಮೇಲೆ ಎಂತ ಆಯ್ತು ಅಂತ ನೋಡ್ಬೇಕಾ?” ಅಂತ ಕೇಳಿದಳು. ಹೌದು, ಅಲ್ಲೇ ಕಷ್ಟ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಗುರುತು ಬಯಲು ಮಾಡುವಂತಿಲ್ಲ. 24ನೇ ಕಲಂ ಪ್ರಕಾರ, ಕೆಲವು ಘೋರ ಪ್ರಕರಣ ಬಿಟ್ಟರೆ, ಸಾಬೀತಾದ ಅಪರಾಧದ ದಾಖಲೆಯನ್ನೂ ಮೇಲ್ಮನವಿ ಅವಧಿ ಮುಗಿದ ಮೇಲೆ ನಾಶಪಡಿಸಬೇಕು. ಆ ಹುಡುಗ ನಾಳೆ ಧಕ್ಕೆಯಲ್ಲಿ ಮೀನು ಇಳಿಸುವ ಕೆಲಸ ಹಿಡಿದಾಗ ಯಾರೂ ಹಳೆಯದನ್ನು ಕೆದಕಬಾರದು, ಅದಕ್ಕಾಗಿ. ಪೊಲೀಸ್ ಠಾಣೆಯ ಕಡತ ಹಿಡಿದು ಮೌಲ್ಯಮಾಪನ ಮಾಡುವ ದಾರಿ ಮುಚ್ಚಿದ್ದು ಒಳ್ಳೆಯದೇ ಆಯಿತು. ಉಳಿದದ್ದು ನಿಧಾನದ ದಾರಿ: ಬಿಡುಗಡೆಗೆ ಮುಂಚೆಯೇ ಹುಡುಗನ, ಮನೆಯವರ ಒಪ್ಪಿಗೆ ಪಡೆದು, ಹೆಸರಿನ ಬದಲು ಸಂಕೇತ ಇಟ್ಟು, ಆರು ತಿಂಗಳಿಗೆ, ವರ್ಷಕ್ಕೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಮೂಲಕ ವಿಚಾರಿಸುವುದು. ಶಾಲೆಗೋ ಐಟಿಐಗೋ ಹೋಗುತ್ತಿದ್ದಾನಾ, ಮನೆಯಲ್ಲೇ ಇದ್ದಾನಾ, ಕೆಲಸ ಹಿಡಿದಿದ್ದರೆ ಬಿಡದೆ ಮಾಡುತ್ತಿದ್ದಾನಾ. ಸಂಪರ್ಕಕ್ಕೆ ಸಿಗದವರನ್ನು “ಸಿಗಲಿಲ್ಲ” ಅಂತಲೇ ಬರೆಯಬೇಕು, ಯಶಸ್ಸಿನ ಕಡೆಗೆ ಸೇರಿಸಬಾರದು. ಇದೆಲ್ಲ ಎಂಎಸ್‌ಡಬ್ಲ್ಯೂ ಪ್ರಾಜೆಕ್ಟಿನ ಅವಧಿಯೊಳಗೆ ಆಗುವುದಿಲ್ಲ. ಅವಳ ಕೊನೆಯ ಪುಟದಲ್ಲಿ “ಯಶಸ್ವಿ” ಅನ್ನುವುದನ್ನು ಹೊಡೆದುಹಾಕಿ, “ಸಂಸ್ಥೆಯೊಳಗೆ ನಮೂದಾದ ಸ್ಟಾರ್‌ಗಳ ಸರಾಸರಿ ಹೆಚ್ಚಿದೆ” ಅಂತ ಬರೆಸಿದ್ದೇನೆ. ಗೈಡ್ ಒಪ್ಪಬೇಕಷ್ಟೆ.