ಒಂದು ಕಡ್ಡಿ, ಎರಡು ತಂತಿ

ರಾಕೆಟ್ ಇಂಧನ ಎಷ್ಟು ಬೇಗ ಉರಿಯುತ್ತದೆ ಅಂತ ಅಳೆಯುವುದೇ ಒಂದು ಕಾಲದಲ್ಲಿ ನನ್ನ ಕೆಲಸ. ಹಾಗಂದ ಕೂಡಲೇ ಎದುರಿಗಿದ್ದವರು ಭಗ್ ಅಂತ ಹತ್ತಿ ಮುಗಿದೇ ಹೋಗುವ ಬೆಂಕಿಯನ್ನು ನೆನೆಸಿಕೊಳ್ಳುತ್ತಾರೆ. ಆದರೆ ದೊಡ್ಡ ರಾಕೆಟ್‌ಗಳ ಘನ ಇಂಧನ ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 10 ಮಿಲಿಮೀಟರ್ ಸವೆಯುತ್ತದೆ, ಅಷ್ಟೇ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಸುಮಾರು 138 ಟನ್ ಇಂಧನ ಎರಡೇ ನಿಮಿಷದೊಳಗೆ ಖಾಲಿಯಾಗುತ್ತದಲ್ಲ, ಹೇಗೆ? ನಡುವೆ ಉದ್ದಕ್ಕೂ ಟೊಳ್ಳು ಬಿಟ್ಟಿರುತ್ತಾರೆ. ಒಳಮೈ ಪೂರ್ತಿ ಒಟ್ಟಿಗೇ ಉರಿಯುತ್ತಾ ಹೊರಗಡೆಗೆ ಸಾಗುತ್ತದೆ.

ಲ್ಯಾಬಿನಲ್ಲಿ ನಮಗೆ ಸಿಗುತ್ತಿದ್ದದ್ದು ಇಂಧನದ ಪೆನ್ಸಿಲ್ ದಪ್ಪದ ಕಡ್ಡಿ. ಪಕ್ಕಗಳಿಗೆ ಬೆಂಕಿ ತಾಗದ ಹಾಗೆ ಲೇಪ ಬಳಿಯಬೇಕು. ಇಲ್ಲದಿದ್ದರೆ ಉರಿ ಬದಿಯಿಂದ ಸರ‍್ರನೆ ಇಳಿದು ಲೆಕ್ಕವೇ ಕೆಡುತ್ತದೆ. ಅಳತೆ ಮಾಡಿ ಎರಡು ತೂತು, ಒಂದೊಂದರಲ್ಲೂ ಕೂದಲೆಳೆಯಂಥ ತಂತಿ. ಕಡ್ಡಿಯನ್ನು ದಪ್ಪ ಉಕ್ಕಿನ ಪಾತ್ರೆಯಲ್ಲಿ ನಿಲ್ಲಿಸಿ ನೈಟ್ರೋಜನ್ ತುಂಬುತ್ತಿದ್ದೆವು. ಮೇಲ್ತುದಿಗೆ ಹೊತ್ತಿಸಿದ ಉರಿ ಇಳಿಯುತ್ತಾ ಮೇಲಿನ ತಂತಿ ಕಡಿದಾಗ ಗಡಿಯಾರ ಶುರು, ಕೆಳಗಿನದು ಕಡಿದಾಗ ಬಂದ್. ನೈಟ್ರೋಜನ್‌ನಲ್ಲಿ ಹೇಗೆ ಉರಿಯುತ್ತದೆ ಅಂತ ಕೇಳಬೇಡಿ, ಬೇಕಾದ ಆಮ್ಲಜನಕ ಇಂಧನದ ಒಳಗೇ ಇದೆ.

ಒತ್ತಡ ಏರಿಸಿದಷ್ಟೂ ಉರಿ ಇಂಧನದ ಮೈಗೆ ಹತ್ತಿರವಾಗುತ್ತದೆ, ಮೈ ಬೇಗ ಕಾಯುತ್ತದೆ, ವೇಗ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ಸೂತ್ರದಲ್ಲಿ ಒತ್ತಡದ ತಲೆಮೇಲೆ ಕೂರುವ ಒಂದು ಘಾತಸಂಖ್ಯೆ ಹೇಳುತ್ತದೆ. ಅದು 0.4 ಇದ್ದರೆ, ಒತ್ತಡ ಎರಡು ಪಟ್ಟಾದಾಗ ವೇಗ ಮೂರನೇ ಒಂದರಷ್ಟು ಜಾಸ್ತಿ. ನಾವು ಮೊದಲು ನೋಡುತ್ತಿದ್ದದ್ದೇ ಈ ಸಂಖ್ಯೆ. ಅದು 1 ದಾಟಿತೋ, ಕೆಲಸ ಕೆಟ್ಟಿತು. ಒತ್ತಡ ಚೂರು ಏರಿದರೂ ನಾಝಲ್, ಅಂದರೆ ಅನಿಲ ಹೊರಗೆ ನುಗ್ಗುವ ಹಿಂಬದಿಯ ಬಾಯಿ, ಹೊರಹಾಕುವುದಕ್ಕಿಂತ ಜಾಸ್ತಿ ಅನಿಲ ಹುಟ್ಟುತ್ತದೆ. ಅದರಿಂದ ಒತ್ತಡ ಇನ್ನಷ್ಟು ಏರುತ್ತದೆ. ಕೊನೆಗೆ ಕವಚವೇ ಸಿಡಿಯುತ್ತದೆ.

ವೇಗ ಬದಲಿಸುವ ಸಂಗತಿಗಳು ಇನ್ನೂ ಇವೆ. ಇಂಧನಕ್ಕೆ ಆಮ್ಲಜನಕ ಒದಗಿಸುವ ಪರ್ಕ್ಲೋರೇಟ್ ಪುಡಿ ನುಣ್ಣಗಿದ್ದರೆ ವೇಗ ಜಾಸ್ತಿ. ಚಿಟಿಕೆ ಐರನ್ ಆಕ್ಸೈಡ್ ಬೆರೆಸಿದರೂ ಹಾಗೇ. ಕಡ್ಡಿ ಬೆಚ್ಚಗಿದ್ದರೂ ವೇಗ ಬದಲಾಗುತ್ತದೆ, ಅದಕ್ಕೇ ಪರೀಕ್ಷೆಗೆ ಮೊದಲು ಎಲ್ಲವನ್ನೂ ಒಂದೇ ಬಿಸಿಗೆ ತರುತ್ತಿದ್ದೆವು.

2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರ ರಾಕೆಟ್ ಸಿಕ್ಕವಲ್ಲ, ಆ ಕಬ್ಬಿಣದ ಕೊಳವೆಗಳ ಫೋಟೋ ನೋಡಿ ನನಗೆ ಮೊದಲು ಹೊಳೆದದ್ದೂ ಒತ್ತಡವೇ. ಕಾಗದದ ಕೊಳವೆ ಸೀಳುವಂಥ ಒತ್ತಡವನ್ನು ಕಬ್ಬಿಣ ತಡೆಯುತ್ತದೆ. ಮದ್ದು ಅದೇ ಇದ್ದರೂ ನೂಕುವ ಬಲ ಜಾಸ್ತಿ. ಸೂತ್ರ ಬರೆಯುವವರು ಹುಟ್ಟುವ ಮೊದಲೇ ನಮ್ಮ ಕಮ್ಮಾರರಿಗೆ ಇದು ಕೈಗೆ ಹತ್ತಿತ್ತು, ಅಲ್ವಾ?