ಅಮ್ಮನ ಭಾನುವಾರಗಳು

2001ರಲ್ಲಿ ನಾನು ಬೆಂಗಳೂರಿನ ಲಗ್ಗೆರೆಯ ನಮ್ಮ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಮ್ಮ ಪೀಣ್ಯದ ಗಾರ್ಮೆಂಟ್ಸಲ್ಲಿ ಟೈಲರ್, ಅಪ್ಪ ಗಾರೆ ಕೆಲಸ. ತಮ್ಮನನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಊರಿಗೆ ಹೋದರು, ನಾನು ಮನೆಯಲ್ಲಿ ಉಳಿದೆ. ಶಾಲೆ ಬಿಡು ಎಂದು ಯಾರೂ ಹೇಳಲಿಲ್ಲ. ಇವತ್ತೊಂದಿನ, ನಾಳೆ ಒಂದಿನ ಅಂತಲೇ ಹದಿನೆಂಟು ದಿನ ಕಳೆಯಿತು. ಮಕ್ಕಳು ಶಾಲೆ ಬಿಡುವುದು ಬಹುಪಾಲು ಹೀಗೆಯೇ, ಯಾರ ಗಮನಕ್ಕೂ ಬಾರದೆ.

ಒಂದು ಸಂಜೆ ಮಿಸ್ ಮನೆಗೇ ಬಂದರು. ಬೈಯಲಿಲ್ಲ. “ತಮ್ಮನನ್ನೂ ಜೊತೇಲಿ ಕರ್ಕೊಂಡ್ ಬರ್ಲಿ ಬಿಡಮ್ಮ. ನೀನೂ ಒಂದ್ಸಲ ಸ್ಕೂಲಿಗೆ ಬಂದು ನೋಡು” ಅಂದರು.

ಸರ್ಕಾರಿ ಶಾಲೆಗಳಲ್ಲಿ ತಂದೆತಾಯಂದಿರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಶುರುವಾದದ್ದು ಆ ವರ್ಷವೇ. ಹೆಸರು ಬರೆಯುವುದಷ್ಟೇ ಗೊತ್ತಿದ್ದ ಅಮ್ಮ ಅದರ ಸದಸ್ಯೆಯಾದಳು. ಮೀಟಿಂಗ್ ದಿನ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಆದರೂ ತಪ್ಪಿಸಲಿಲ್ಲ. ಓದಲು ಬಾರದಿದ್ದರೂ ನನ್ನ ಕಾಪಿ ಪುಸ್ತಕ ನೋಡಿ, “ಈ ಸಾಲು ಸೊಟ್ಟಗೆ ಹೊಲ್ದಿದೀಯ, ಬಿಚ್ಚು” ಅನ್ನುತ್ತಿದ್ದಳು. ಅಳಿಸಿ ಮತ್ತೆ ಬರೆಯುತ್ತಿದ್ದೆ.

ಹೆಚ್ಚು ನೆನಪಾಗುವುದು ಅವಳ ಭಾನುವಾರಗಳು. ಬಾರದ ಮಕ್ಕಳ ಹೆಸರನ್ನು ಮಿಸ್ ಹತ್ತಿರ ಕೇಳಿ, ಬಾಯಿಪಾಠ ಮಾಡಿಕೊಂಡು, ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗುತ್ತಿದ್ದಳು. ಮಿಸ್ ಹೋದರೆ ಅಲ್ಲಿ ಎಲ್ಲರೂ ಎದ್ದು ನಿಂತು, “ಆಯ್ತ್ರೀ, ಕಳಸ್ತೀವ್ರೀ” ಅನ್ನುತ್ತಿದ್ದರು, ಕಳಿಸುತ್ತಿರಲಿಲ್ಲ. ಅಮ್ಮ ಹೋದರೆ ಚಹಾ ಕೊಟ್ಟು ಕೂರಿಸಿಕೊಂಡು ಕಷ್ಟ ಹೇಳಿಕೊಳ್ಳುತ್ತಿದ್ದರು. “ನಾನೂ ಹಿಂಗೇ ಹದಿನೆಂಟು ದಿನ ಬಿಡಿಸಿದ್ದೆ ಕಣಮ್ಮ” ಎಂದೇ ಅವಳು ಮಾತು ಶುರು ಮಾಡುತ್ತಿದ್ದಳು. ರಾಯಚೂರು ಕಡೆಯ ಒಬ್ಬ ಹುಡುಗ ಹಾಗೆ ಮರಳಿ ಬಂದು, ನನ್ನ ಜೊತೆಯಲ್ಲೇ ಏಳನೇ ಕ್ಲಾಸು ಮುಗಿಸಿದ. ಓದು ಬಲ್ಲವರ ಉಪದೇಶಕ್ಕಿಂತ, ಅದೇ ಕಷ್ಟ ಉಂಡ ಇನ್ನೊಬ್ಬ ತಾಯಿಯ ಮಾತು ಆ ಮನೆಗಳಿಗೆ ತಲುಪುತ್ತಿತ್ತು.

ಎಲ್ಲರೂ ಬರಲಿಲ್ಲ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿಯ ಮನೆಯವರು ಕೆಲಸ ಮುಗಿಸಿ ಬೇರೆ ಸೈಟಿಗೆ ಹೊರಟಿದ್ದರು. ಟಿಸಿ ಇಲ್ಲದಿದ್ದರೆ ಹೊಸ ಶಾಲೆಯಲ್ಲಿ ತೊಂದರೆಯಾದೀತೆಂದು ಅಮ್ಮ ಹೆಡ್ ಮೇಷ್ಟ್ರಿಂದ ಬರೆಸಿಕೊಂಡಳು. ಟಿಸಿ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರಲ್ಲಿ, ಆಗಿನ್ನೂ ಅದು ಇರಲಿಲ್ಲ. ಭಾನುವಾರ ಹೋಗಿ ನೋಡಿದರೆ ಶೆಡ್ಡು ಬಿಚ್ಚಿದ್ದರು, ಒಲೆಯ ಮೂರು ಕಲ್ಲು ಮಾತ್ರ ಉಳಿದಿದ್ದವು.

ಆ ಟಿಸಿ ನಮ್ಮ ರೇಷನ್ ಕಾರ್ಡಿನ ಕವರಿನಲ್ಲಿ ಬಹಳ ವರ್ಷ ಇತ್ತು. “ಎಲ್ಲಿ ಸೇರಿಸಿದ್ರೋ ಆ ಮಗೂನ” ಎಂದು ಅಮ್ಮ ಈಗಲೂ ಕೇಳುತ್ತಾಳೆ.